ನಮ್ಮ ಭಾವನ ಮೂರನೇ ಊಟ

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಮೂವತ್ತು ವರ್ಷದಿಂದ ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಾ ಬಂದಿದ್ದಾರೆ, ತಾವು ಮಾತ್ರ ಇದ್ದಲ್ಲೇ ಇದ್ದಾರೆ. ಈ ಮಾತನ್ನು ಅವರ ಮುಖದ ಮೇಲೇ ಎಷ್ಟೋ ಸಲ ಆಡಿದ್ದೇನೆ. "ಹೌದಪ್ಪಾ, ನೀನು ತುಂಬಾ ದೂರ ಹೋಗಿಬಿಟ್ಟಿದ್ದೀಯ," ಅನ್ನುತ್ತಾರೆ. ನಾನಿರುವುದು ಅವರ ಹಿಂದಿನ ಬೀದಿಯಲ್ಲಿ.

ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳ ಹಾಸ್ಟೆಲ್ಲು ಅವರ ಪಾಲಿಗೆ ಬಂದಿದೆ. ಎಂಟು ಮಹಡಿ, ಎರಡು ಲಿಫ್ಟು. ಎರಡೂ ಒಟ್ಟಿಗೆ ಓಡಿದ್ದನ್ನು ಕಂಡವರಿಲ್ಲ. ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡರೆ ಬೇರೆ ಮೆಕ್ಯಾನಿಕ್ಕುಗಳು ನೆಟ್ಟಗೆ ಮೇಲಿನ ಮೋಟಾರು ಕೋಣೆಗೆ ಓಡುತ್ತಾರೆ. ಭಾವ ತಮ್ಮ ಜೊತೆಗಾರನನ್ನು ಮೇಲಕ್ಕೆ ಕಳಿಸಿ, ತಾವು ಬಾಗಿಲ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಸಂದಿಗೆ ಬಾಯಿಟ್ಟು ಶುರುಮಾಡುತ್ತಾರೆ: "ಒಳಗೆ ಯಾರಪ್ಪಾ? ತಿಂಡಿ ಆಯ್ತಾ? ಅಮ್ಮನಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತು?" ಒಳಗಿರುವವನಿಗೆ ಭಾಷೆ ಅರ್ಧಂಬರ್ಧ ಬರುತ್ತದೋ ಇಲ್ಲವೋ, ಭಾವನಿಗೆ ಅದು ಲೆಕ್ಕಕ್ಕಿಲ್ಲ. ಅಳುತ್ತಿದ್ದವರು ನಗುತ್ತಾ ಹೊರಗೆ ಬಂದದ್ದಿದೆ. ಕಥೆ ಅರ್ಧಕ್ಕೆ ನಿಂತಿತಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡು ಬಂದದ್ದೂ ಇದೆ.

ಆದರೆ ಬಾಗಿಲು ತೆರೆದುಕೊಂಡ ಕೂಡಲೇ ಭಾವನ ಬಾಯಿ ಮುಚ್ಚಿಕೊಳ್ಳುತ್ತದೆ. ಎದುರಿಗೆ ಒಂದು ಮುಖ ಕಂಡರೆ ಸಾಕು, ಅವರಿಗೆ ಮಾತು ಹೊರಡದು. ಮದುವೆಗೆ ಮುಂಚೆ ನಮ್ಮ ಅಕ್ಕನನ್ನು ಕಾಣಲು ಬಂದಾಗಲೆಲ್ಲ ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂರುತ್ತಿದ್ದರು. ಗಡಿಯಾರಕ್ಕೆ ಗಂಡು ಗೊತ್ತಾದಂತಿದೆ ಎಂದು ನಾನು ಅಕ್ಕನನ್ನು ರೇಗಿಸುತ್ತಿದ್ದೆ.

ಇಂಥವರನ್ನು ನಮ್ಮ ಚರ್ಚಿನ ಸ್ನೇಹ ಸಮಿತಿ ಆತಿಥೇಯರ ಪಟ್ಟಿಗೆ ಸೇರಿಸಿಕೊಂಡು ಹನ್ನೊಂದು ವರ್ಷವಾಯಿತು. ಸಮಿತಿಯ ಕೆಲಸ ಸರಳ. ಓದಲು ದೂರದೇಶದಿಂದ ಬಂದ ಮಕ್ಕಳಿಗೆ ಇಲ್ಲಿ ಯಾರೂ ಇರುವುದಿಲ್ಲ. ಒಂದೊಂದು ಮನೆಗೆ ಒಬ್ಬೊಬ್ಬರನ್ನು ಹಂಚಿ, ಭಾನುವಾರ ಊಟಕ್ಕೆ ಕರೆದು, ಸ್ನೇಹ ಮಾಡುವುದು. ಇಷ್ಟು ಸರಳವಾದ ಕೆಲಸವನ್ನು ಹಾಗೇ ಬಿಟ್ಟರೆ ಸಮಿತಿ ಯಾಕೆ ಬೇಕು? ಆದ್ದರಿಂದ ನಿಯಮ ಮಾಡಿದೆವು. ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಸು. ಕಾರ್ಯದರ್ಶಿ ನಾನು. ನಿಯಮ ನನ್ನದೇ: ಮೊದಲ ಎರಡು ಊಟದಲ್ಲಿ ದೇವರ ಸುದ್ದಿ ಎತ್ತಕೂಡದು, ಮೂರನೇ ಊಟದಲ್ಲಿ ನಿಮ್ಮ ಸಾಕ್ಷಿ ಹೇಳಬೇಕು, ಅಂದರೆ ದೇವರು ನಿಮ್ಮ ಬದುಕಿನಲ್ಲಿ ಏನು ಮಾಡಿದ ಎಂದು. "ಎರಡು ಊಟ ಸ್ನೇಹಕ್ಕೆ, ಮೂರನೆಯದು ಸುವಾರ್ತೆಗೆ" ಎಂಬ ವಾಕ್ಯ ಹೊಳೆದ ದಿನ ನಾನು ಎರಡು ಲೋಟ ಟೀ ಹೆಚ್ಚಿಗೆ ಕುಡಿದೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಒಂದು ಮಾದರಿ ಸಾಕ್ಷಿಯನ್ನೂ ಬರೆದುಕೊಟ್ಟೆ. "ಒಂದು ಕಾಲದಲ್ಲಿ ನಾನು ಡ್ಯಾಶ್ ಎಂಬ ದುಶ್ಚಟಕ್ಕೆ ದಾಸನಾಗಿದ್ದೆ" ಎಂದು ಅದರ ಆರಂಭ. ಭಾವನಿಗೆ ಆ ಡ್ಯಾಶ್ ದೊಡ್ಡ ತಲೆನೋವಾಯಿತು. ಅವರಿಗೆ ದುಶ್ಚಟವೇ ಇರಲಿಲ್ಲ. ಬಹಳ ಯೋಚಿಸಿ 'ಕುಡಿತ' ಎಂದು ತುಂಬಿಸಿ ಬಾಯಿಪಾಠ ಮಾಡತೊಡಗಿದರು.

"ಕೆಮ್ಮಿನ ಔಷಧಿ ಕುಡಿಯೋಕೂ ಮುಖ ಕಿವುಚೋರು ನೀವು," ಅಂದಳು ಅಕ್ಕ. "ದೇವರ ವಿಷಯ ಹೇಳೋಕೆ ಹೋಗಿ ಸುಳ್ಳು ಹೇಳ್ತೀರಲ್ರೀ."

"ಜಾಗ ಖಾಲಿ ಬಿಡಬಾರದು ಅಂತ ನಿನ್ನ ತಮ್ಮ ಹೇಳಿದಾನೆ ಕಣೇ."

ಆ ಸುಳ್ಳನ್ನು ಹೇಳುವ ಅವಕಾಶ ಹನ್ನೊಂದು ವರ್ಷ ಸಿಗಲೇ ಇಲ್ಲ. ಅವರ ಮನೆಗೆ ಬಂದ ವಿದ್ಯಾರ್ಥಿಗಳೆಲ್ಲ ಎರಡು ಊಟ ಹೊಟ್ಟೆ ತುಂಬಾ ಉಂಡರು, ಬಾಯಿ ತುಂಬಾ ಹೊಗಳಿದರು. ಮೂರನೇ ಭಾನುವಾರ ಬಂತೆಂದರೆ ಒಬ್ಬನಿಗೆ ಪರೀಕ್ಷೆ, ಒಬ್ಬಳಿಗೆ ಹಲ್ಲುನೋವು, ಇನ್ನೊಬ್ಬನಿಗೆ ಪ್ರಯೋಗಾಲಯದ ಇಲಿ ತಪ್ಪಿಸಿಕೊಂಡಿತ್ತು. ಬೇರೆ ಮನೆಗಳಲ್ಲೂ ಇದೇ ಕಥೆ. ಆದರೆ ಬೇರೆಯವರು ಬುದ್ಧಿವಂತರು. ಹೆಡ್‌ಮಿಸ್ಸು ಬಿಸ್ಕತ್ತು ಕೊಟ್ಟದ್ದನ್ನೂ ಊಟವೆಂದು ಹಿಡಿದರು. ನಮ್ಮ ಖಜಾಂಚಿ ಒಂದೇ ಮಧ್ಯಾಹ್ನ, ಮಧ್ಯೆ ಹತ್ತು ನಿಮಿಷ ಬಿಟ್ಟು, ಎರಡು ಸಲ ಬಡಿಸಿದರು. ವಾರ್ಷಿಕ ವರದಿಯಲ್ಲಿ ಎಲ್ಲರ ಮುಂದೂ ಮೂರನೇ ಊಟ ನಡೆದಿತ್ತು. ಭಾವನ ಮುಂದೆ ಮಾತ್ರ ಸೊನ್ನೆ.

ಕಳೆದ ವರ್ಷದ ಕೊನೆಯ ಸಭೆಯಲ್ಲಿ ಹೆಡ್‌ಮಿಸ್ಸು ಹೇಳಿಯೇಬಿಟ್ಟರು: "ಎಷ್ಟೋ ಹೊಸ ಕುಟುಂಬ ಕಾಯ್ತಾ ಇವೆ. ಮುಂದಿನ ವರ್ಷವೂ ಸೊನ್ನೆ ಆದ್ರೆ ನಿಮ್ಮ ಹೆಸರು ತೆಗೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಭಾವ ಗಡಿಯಾರ ನೋಡಿದರು.

ಮನೆಗೆ ಬರುವ ದಾರಿಯಲ್ಲಿ ನಾನು ಸಮಾಧಾನಕ್ಕೆಂದು, "ಅಕ್ಕನ ಅಡುಗೆ ಸ್ವಲ್ಪ ಸುಧಾರಿಸಿದ್ರೆ..." ಅಂದೆ. ಭಾವ ನಗಲಿಲ್ಲ. "ಅಡುಗೆಯಲ್ಲಪ್ಪಾ. ನನ್ನ ಎದುರಿಗೆ ಕೂತ್ರೆ ಆ ಮಕ್ಕಳಿಗೆ ಬೋರಾಗುತ್ತೆ. ಒಬ್ಬನಾದ್ರೂ ತಾನಾಗಿ ಇನ್ನೊಂದು ಸಲ ಬಾಗಿಲು ತಟ್ಟಬೇಕು ಅಂತ ಆಸೆ. ಸಾಕ್ಷಿ ಗೀಕ್ಷಿ ಆಮೇಲೆ," ಅಂದರು. ಆರು ಜನರ ಊಟದ ಮೇಜು ಅವರದು, ಕೂರುವುದು ಇಬ್ಬರು. ಉಳಿದ ಕುರ್ಚಿಗಳ ಮೇಲೆ ಹಳೇ ಪೇಪರು ಕೂತಿರುತ್ತದೆ.

ಈ ವರ್ಷ ಅವರ ಪಾಲಿಗೆ ಬಂದವನು ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಉದ್ದದ ಹುಡುಗ. ಗೋದಾಮಿನ ಧಾನ್ಯಕ್ಕೆ ಬೀಳುವ ಹುಳುಗಳ ಮೇಲೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ. ಹುಳದ ಡಾಕ್ಟ್ರು ಎಂದು ನಾನು ಹೆಸರಿಟ್ಟೆ. ನಮ್ಮ ಭಾಷೆಯನ್ನು ಹಳೆಯ ಪಠ್ಯಪುಸ್ತಕದಿಂದ ಕಲಿತಿದ್ದರಿಂದ, ಉಪ್ಪು ಕೇಳಿದರೂ ನ್ಯಾಯಾಲಯದಲ್ಲಿ ಅರ್ಜಿ ಹಾಕಿದಂತಿರುತ್ತಿತ್ತು. ಮೊದಲ ಊಟದಲ್ಲಿ ಅವನೂ ಭಾವನೂ ಸೇರಿ ಒಟ್ಟು ಒಂಬತ್ತು ಮಾತಾಡಿದರು. ಎರಡನೆಯದರಲ್ಲಿ ಏಳು. ಅಕ್ಕ ಎಣಿಸಿದ್ದಳು.

ಮೂರನೇ ಭಾನುವಾರ ಅವನು ಬಂದ.

ಸಮಿತಿಯ ವೀಕ್ಷಕನೆಂದು ನಾನೂ ಹಾಜರಿದ್ದೆ. ಕೋಳಿಯಿದೆ ಎಂದು ಗೊತ್ತಿದ್ದದ್ದು ಬೇರೆ ವಿಷಯ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಸಾಕ್ಷಿಯ ಕಾಗದ ಇಟ್ಟುಕೊಂಡು, ಆಪರೇಷನ್ನಿಗೆ ಹೊರಟವರ ಹಾಗೆ ಕೂತಿದ್ದರು. ತಟ್ಟೆಗೆ ಕೈಹಾಕುವ ಮುಂಚೆಯೇ ಹುಡುಗ ಹೇಳಿದ:

"ಇಂದು ತಾವು ಸಾಕ್ಷಿ ಹೇಳುವಿರಿ ಎಂದು ನಾನು ಬಲ್ಲೆ. ದಯವಿಟ್ಟು ಹೇಳಿರಿ. ತದನಂತರ ನನ್ನದೊಂದು ಸಹಾಯದ ಕೋರಿಕೆ ಇದೆ."

"ನಿನಗೆ ಹೇಗೆ ಗೊತ್ತಾಯ್ತಪ್ಪಾ?" ಅಂದಳು ಅಕ್ಕ.

"ಸ್ವಾಗತ ಕೈಪಿಡಿಯ ಹದಿನಾಲ್ಕನೆಯ ಪುಟ. ಹಾಸ್ಟೆಲಿನಲ್ಲಿ ಎಲ್ಲರೂ ಬಲ್ಲರು. ಹಿರಿಯರು ಕಿರಿಯರಿಗೆ ತಿಳಿಸುತ್ತಾರೆ. ಎರಡು ಊಟ, ಬಳಿಕ ಹಲ್ಲುನೋವು."

ಎತ್ತಿದ ಕೋಳಿಯ ತುಂಡನ್ನು ನಾನು ತಟ್ಟೆಗೇ ಇಟ್ಟೆ. ವಿದ್ಯಾರ್ಥಿಗಳಿಗೆ ಕೊಡುವ ಸ್ವಾಗತ ಕೈಪಿಡಿಯನ್ನೂ ಆತಿಥೇಯರಿಗೆ ಕೊಡುವ ನಿಯಮಗಳನ್ನೂ ಹನ್ನೊಂದು ವರ್ಷದ ಹಿಂದೆ ಒಂದೇ ಪುಸ್ತಕವಾಗಿ ಹೊಲಿಸಿದವನು ನಾನು. ಎರಡೆರಡು ಸಲ ಪ್ರೆಸ್ಸಿಗೆ ಯಾರು ಅಲೆಯುತ್ತಾರೆ? ಬಸ್ಸಿನ ವೇಳಾಪಟ್ಟಿ ದಾಟಿ ಮುಂದಕ್ಕೆ ಯಾರೂ ಓದುವುದಿಲ್ಲ ಎಂದು ನನ್ನ ಅಂದಾಜು. ನನ್ನ ಬರಹವನ್ನು ಇಷ್ಟು ಶ್ರದ್ಧೆಯಿಂದ ಓದಿದವರು, ಓದಿ ಪಾಲಿಸಿದವರು, ಜೀವಮಾನದಲ್ಲೇ ಬೇರೆ ಯಾರೂ ಸಿಕ್ಕಿಲ್ಲ. ಅಕ್ಕ ನನ್ನನ್ನು ಒಂದು ಸಲ ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ಭಾವ ಮಾತ್ರ ಹುಡುಗನನ್ನೇ ನೋಡುತ್ತಿದ್ದರು. "ಗೊತ್ತಿದ್ದೂ ಬಂದ್ಯಾ?"

"ಹೌದು."

"ಹಾಗಾದ್ರೆ ನಿನ್ನದು ಮೊದಲು ಹೇಳು."

ಅವನ ಕಷ್ಟ ಇದು. ಐದು ಜನ ಪರೀಕ್ಷಕರ ಮುಂದೆ ನಿಂತು, ನಲವತ್ತು ನಿಮಿಷ, ತನ್ನ ಹುಳುಗಳ ಬಗ್ಗೆ ಮಾತಾಡಬೇಕು. ಹಿಂದಿನ ಸಲ ಆರನೇ ನಿಮಿಷಕ್ಕೆ, ಎಲ್ಲರ ಮುಖ ನೋಡಿ ಬಾಯಿ ಕಟ್ಟಿಹೋಗಿತ್ತು. ಇನ್ನೊಂದು ಸಲ ಹಾಗಾದರೆ ಪದವಿ ಇಲ್ಲ. ಯಾರ ಎದುರಾದರೂ ಅಭ್ಯಾಸ ಮಾಡಬೇಕು, ಹಾಸ್ಟೆಲಿನವರು ನಗುತ್ತಾರೆ. "ತಾವು ನಗುವವರಲ್ಲ. ತಾವು ಮಾತನ್ನೂ ಆಡುವವರಲ್ಲ. ಆದ್ದರಿಂದ ಬಂದೆ," ಅಂದ.

ಇದಕ್ಕಿಂತ ದೊಡ್ಡ ಪ್ರಶಸ್ತಿ ಭಾವನಿಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಅವರು ಎದ್ದು ಅಡುಗೆಮನೆಗೆ ಹೋದರು. ಬಾಗಿಲು ಹಾಕಿಕೊಂಡರು. ಕೋಪ ಬಂತೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಒಳಗಿಂದ ದನಿ ಬಂತು: "ಈಗ ಹೇಳಪ್ಪಾ. ನಾನು ಇಲ್ಲೇ ಕೂತಿದೀನಿ. ಮುಖ ಕಾಣಲ್ಲ, ಕಿವಿ ಮಾತ್ರ ಇದೆ. ಹುಳ ಗಂಡೋ ಹೆಣ್ಣೋ ಅಲ್ಲಿಂದ ಶುರುಮಾಡು."

ಹುಡುಗ ಬಾಗಿಲಿಗೆ ಮುಖ ಮಾಡಿ ನಿಂತ. ಮೊದಲು ತಡವರಿಸಿದ. ಒಳಗಿನಿಂದ ಪ್ರಶ್ನೆ ಬರುತ್ತಲೇ ಇತ್ತು. "ಮೊಟ್ಟೆ ಎಲ್ಲಿ ಇಡುತ್ತೆ? ಕಾಳಿನ ಒಳಗಾ? ಅಯ್ಯೋ ಪಾಪಿ, ಒಳಗೆ ಹೇಗೆ ಹೋಗುತ್ತೆ?" ನಲವತ್ತು ನಿಮಿಷ ಐವತ್ತೈದಾಯಿತು. ಅಕ್ಕ ಮಧ್ಯದಲ್ಲೇ ಎದ್ದು ಉಗ್ರಾಣದಲ್ಲಿದ್ದ ಅಕ್ಕಿ ಡಬ್ಬ ತೆರೆದು ನೋಡಿ ಬಂದಳು. ಸಾಕ್ಷಿಯ ನೆನಪು ಯಾರಿಗೂ ಬರಲಿಲ್ಲ. ಕಾಗದ ಅಂಗಿಯ ಜೊತೆ ಒಗೆತಕ್ಕೆ ಹೋಯಿತು.

ಮುಂದಿನ ಭಾನುವಾರ ಹುಡುಗ ಮತ್ತೆ ಬಂದ. ಆ ವಾರ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅದರ ಮುಂದಿನ ವಾರ ನಾಲ್ಕು ಬೆರಳು. ಆರನೇ ವಾರ ಭಾವನ ಅರ್ಧ ಮುಖ ಕಂಡಿತು. ಎಂಟನೇ ವಾರ ಭಾವ, ಅಕ್ಕ, ನಾನು ಮೂವರೂ ಸೋಫಾದ ಮೇಲೆ ಪರೀಕ್ಷಕರ ಹಾಗೆ ಗಂಟುಮುಖ ಹಾಕಿ ಕೂತೆವು. ಇದರಲ್ಲಿ ನನಗೆ ಯಾವ ಶ್ರಮವೂ ಬೇಕಾಗಲಿಲ್ಲ ಎಂದು ಅಕ್ಕ ಹೇಳುತ್ತಾಳೆ.

ಹುಡುಗ ಪಾಸಾದ. ಸುದ್ದಿ ಹೇಳಲು ಓಡಿಬಂದವನು ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಅಕ್ಕ ಬಟ್ಟೆಯಲ್ಲಿ ಐಸು ಸುತ್ತಿ ತಂದು ಒತ್ತಿದಳು. ಬಟ್ಟೆ ಹಿಡಿದುಕೊಂಡೇ ಅವನು ಭಾವನಿಗೆ ಹೇಳಿದ: "ತಾವು ತಮ್ಮ ಸಾಕ್ಷಿಯನ್ನು ಇನ್ನೂ ಹೇಳಿಲ್ಲ."

ಭಾವ ಜೇಬು ಮುಟ್ಟಿಕೊಂಡರು. ಖಾಲಿ. ನನ್ನತ್ತ ನೋಡಿದರು. ನನ್ನದೇ ರಚನೆಯಾದರೂ ಸಮಯಕ್ಕೆ ಒಂದು ವಾಕ್ಯವೂ ನೆನಪಾಗಲಿಲ್ಲ. ಆಮೇಲೆ ಭಾವ ಗಡಿಯಾರದ ಕಡೆ ತಿರುಗಿ, ಅದಕ್ಕೇ ಹೇಳುವವರ ಹಾಗೆ ಹೇಳಿದರು:

"ಕೆಲಸಕ್ಕೆ ಸೇರಿದ ಮೊದಲ ವರ್ಷ. ಲಿಫ್ಟಿನ ತಲೆ ಮೇಲೆ ಕೂತು ಎಣ್ಣೆ ಹಾಕ್ತಿದ್ದೆ, ಆರನೇ ಮಹಡಿಗೂ ಏಳನೇ ಮಹಡಿಗೂ ಮಧ್ಯೆ. ಕರೆಂಟು ಹೋಯ್ತು. ರಜಾ ದಿನ, ಕಟ್ಟಡದಲ್ಲಿ ಯಾರೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ, ಕತ್ತಲಲ್ಲಿ. ಕೂಗಿ ಕೂಗಿ ಗಂಟಲು ಕಟ್ತು. ಆಮೇಲೆ ಸುಮ್ನೆ ದೇವರ ಹತ್ರ ಮಾತಾಡಿದೆ. ಉತ್ತರ ಏನೂ ಬರ್ಲಿಲ್ಲ. ಆದ್ರೆ ಬಾಗಿಲ ಆ ಕಡೆ ಯಾರೋ ಕೂತು ಕೇಳ್ತಿದಾರೆ ಅನ್ನಿಸ್ತು. ಆಮೇಲೆ ಭಯ ಆಗ್ಲಿಲ್ಲ. ನನಗೆ ಗೊತ್ತಿರೋದು ಇಷ್ಟೇ ಕಣಪ್ಪಾ."

"ನನಗೂ ಹೇಳಿಲ್ವಲ್ರೀ ಇದನ್ನ," ಅಂದಳು ಅಕ್ಕ.

"ನೀನು ಕೇಳ್ಲಿಲ್ಲ."

ಹುಡುಗ ಹಣೆಯ ಮೇಲಿನ ಬಟ್ಟೆ ಇಳಿಸಿದ. "ನನಗೆ ದೇವರಲ್ಲಿ ನಂಬಿಕೆ ಇಲ್ಲ," ಅಂದ. "ಆದರೆ ಇದು ಪುಸ್ತಕದಲ್ಲಿ ಇರಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಹೇಳುವಿರಾ?"

ವರ್ಷದ ಕೊನೆಯ ಸಮಿತಿ ಸಭೆ ಆ ಮುಂದಿನ ಭಾನುವಾರವೇ, ಆರಾಧನೆ ಮುಗಿದ ಮೇಲೆ, ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯಿತು. ಹೆಡ್‌ಮಿಸ್ಸು ಭಾವನ ಹೆಸರಿಗೆ ಬಂದು ಕನ್ನಡಕ ಸರಿಮಾಡಿಕೊಂಡರು. "ಮೂರನೇ ಊಟ?"

"ಆಯ್ತು ಮೇಡಂ."

"ಸಂತೋಷ. ಸಾಕ್ಷಿ ಹೇಳಿದ್ರಾ?"

"ಅವತ್ತು ಹೇಳ್ಲಿಲ್ಲ. ಹನ್ನೊಂದನೇದೋ ಹನ್ನೆರಡನೇದೋ ಊಟದಲ್ಲಿ ಹೇಳಿದೆ."

"ನಿಯಮದಲ್ಲಿ ಹನ್ನೆರಡು ಅಂತ ಇಲ್ವಲ್ಲ," ಅಂದರು ಖಜಾಂಚಿ, ಒಂದೇ ಮಧ್ಯಾಹ್ನ ಎರಡು ಸಲ ಬಡಿಸಿದವರು.

ನನ್ನ ಆತ್ಮಸಾಕ್ಷಿ ಎದ್ದು ಕೂತಿತು. ಹದಿನಾಲ್ಕನೇ ಪುಟದ ಕಥೆಯನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಹನ್ನೊಂದು ವರ್ಷದ ಹಲ್ಲುನೋವುಗಳೆಲ್ಲ ಒಬ್ಬೊಬ್ಬರ ಮುಖದ ಮೇಲೂ ಹಾದುಹೋದವು. ಅರ್ಧ ಗಂಟೆ ಚರ್ಚೆಯಾಗಿ, ಕೈಪಿಡಿಯನ್ನು ಮರುಮುದ್ರಿಸಬೇಕೆಂದೂ, 'ಮೂರನೇ ಊಟ' ಎಂದಿರುವಲ್ಲಿ 'ನಾಲ್ಕನೇ ಊಟ' ಎಂದು ತಿದ್ದಬೇಕೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು. ತಿದ್ದುವ ಹೊಣೆ ನನಗೇ ಬಂತು. ಭಾವನ ವಿಷಯ ಕೊನೆಗೆ ಉಳಿಯಿತು.

ಹೆಡ್‌ಮಿಸ್ಸು ಕೆಟ್ಟವರಲ್ಲ. "ನಿಮ್ಮದು ವಿಶೇಷ ಪ್ರಕರಣ ಅಂತ ಬರ್ಕೊಳ್ಳೋಣ. ಒಂದು ವಿವರಣೆ ಕೊಟ್ಟುಬಿಡಿ, ಹೆಸರು ಉಳಿಸೋಕೆ ಆಗುತ್ತೇನೋ ನೋಡ್ತೀನಿ," ಅಂದರು.

ಭಾವ ಎದ್ದು ನಿಂತರು. ಆ ಕೋಣೆಯಲ್ಲೂ ಒಂದು ಗಡಿಯಾರ ಇದೆ. ಅವರು ಅದನ್ನು ನೋಡಿದ್ದು ಈ ಸಲ ನಿಜವಾಗಿಯೂ ಹೊತ್ತು ತಿಳಿಯಲು.

"ಹೆಸರು ತೆಗೆದುಬಿಡಿ ಮೇಡಂ, ಪರವಾಗಿಲ್ಲ. ಒಂದು ಗಂಟೆ ಆಯ್ತು. ಮನೇಲಿ ಹುಡುಗ ಬಂದು ಕಾಯ್ತಿರ್ತಾನೆ. ಇವತ್ತು ಅವನ ಜೊತೆ ಹಲ್ಲುನೋವಿನ ಹುಡುಗಿಯೂ ಬರ್ತಾಳಂತೆ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನಾನು ನಡಾವಳಿ ಪುಸ್ತಕದಲ್ಲಿ 'ಸದಸ್ಯರೊಬ್ಬರು ಸಭೆಯ ಮಧ್ಯದಲ್ಲಿ ಎದ್ದು ಹೋದರು' ಎಂದು ಬರೆದೆ. ಸ್ವಲ್ಪ ಯೋಚಿಸಿ, 'ಇಬ್ಬರು' ಎಂದು ತಿದ್ದಿ, ಪೆನ್ನಿನ ಕ್ಯಾಪು ಮುಚ್ಚಿ, ಅವರ ಹಿಂದೆ ಹೊರಟೆ.