ಮೂರು ನುಡಿಗೆ ನಿಂತ ಹಾಡು

ಈ ಅಭಿನಂದನ ಸಂಪುಟಕ್ಕೆ ಬರೆಯಲು ಒಪ್ಪಿಕೊಂಡ ದಿನ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: ‘ಎಲ್ಲರೂ ಹೊಗಳುವ ಪುಸ್ತಕದಲ್ಲಿ ನನ್ನ ಹಾಳೆ ಮಾತ್ರ ದೂರಿನಂತೆ ಕಂಡುಬಿಟ್ಟರೆ?’ ಆ ಅಳುಕು ಇನ್ನೂ ಹೋಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬರೆಯೆಂದು ಹೇಳಿದವರು ಸನ್ಮಾನಿತರೇ.

ಜುರ್ಜುರಾ ಬೆಟ್ಟಸಾಲಿನ ನಮ್ಮ ಕಬೈಲಿ ಸೀಮೆಯಲ್ಲಿ ತಾವೇ ಹಾಡು ಕಟ್ಟಿ ತಾವೇ ಹಾಡುವವರ ಪರಂಪರೆ ದೊಡ್ಡದು. ಆ ಪರಂಪರೆಯಲ್ಲಿ ಊರೆಲ್ಲ ಅಣ್ಣನೆಂಬ ಗೌರವದಿಂದ ‘ದಾ’ ಸೇರಿಸಿ ಕರೆಯುವ ದಾ ಮೆಝಿಯಾನ್ ಅವರದು ಮುಂಚೂಣಿಯ ಸ್ಥಾನವೆಂಬುದನ್ನು ಒಪ್ಪದವರು ಸಿಗಲಾರರು. ಐವತ್ತೆರಡು ವರ್ಷ ಮಂದೋಲಿನ ತಂತಿ ಮೀಟುತ್ತ, ಕಡಲಾಚೆ ಕೂಲಿಗೆ ಹೋದವರ ಅಗಲಿಕೆಯನ್ನೂ ಮನೆಯಲ್ಲುಳಿದವರ ಮುನಿಸನ್ನೂ ಹಾಡಾಗಿಸಿ, ಎಪ್ಪತ್ತೈದರ ಹೊಸ್ತಿಲಲ್ಲಿ ವೇದಿಕೆಗೆ ವಿದಾಯ ಹೇಳಿದ ಅವರು, ತಮ್ಮ ಬಾಳನ್ನೇ ಹಿಂತಿರುಗಿ ನೋಡುವ ಒಂಬತ್ತು ಹಾಡುಗಳ ‘ಉಳಿದ ಕೆಂಡ’ ಎಂಬ ಆಲ್ಬಮ್ಮನ್ನು ನಮ್ಮ ಕೈಗಿಟ್ಟಿದ್ದಾರೆ.

ನಾನು ಅವರನ್ನು ಹತ್ತಿರದಿಂದ ಕಂಡದ್ದು ಪದವಿಯ ಪ್ರಬಂಧ ಮಂಡಿಸಬೇಕಾಗಿದ್ದ ದಿನ. ವಿಷಯ ಅವರದೇ ಹಾಡುಗಳು. ನಾಲ್ಕು ಜನರೆದುರು ಬಾಯಿ ತೆರೆಯಲಾರದ ನಾನು ಅವರು ಬಂದದ್ದು ಕಂಡು ಕಲ್ಲಾಗಿ ನಿಂತೆ. ಅವರು ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತು, “ನೀನು ಓದವ್ವ. ನಾನಿಲ್ಲಿ ಸುಣ್ಣದ ಬಿರುಕು ಎಣಿಸ್ತಿರ್ತೀನಿ” ಎಂದರು. ಒಂದು ಗಂಟೆ ಹೊತ್ತು ನಾನು ಅವರ ಕೋಟಿನ ಬೆನ್ನಿಗೆ ಪ್ರಬಂಧ ಒಪ್ಪಿಸಿದೆ.

ಕಳೆದ ಶರತ್ಕಾಲದಲ್ಲಿ ಅವರ ಕಣ್ಣಿಗೆ ಪೊರೆ ಬಂದು, ಆಲ್ಬಮ್ಮಿನ ಜೊತೆ ಹೋಗುವ ಕಿರುಹೊತ್ತಗೆಗೆ ಹಾಡುಗಳನ್ನು ಬರೆದುಕೊಳ್ಳಲು ನನ್ನನ್ನು ಕರೆಸಿಕೊಂಡರು. ಏಳನೆಯದು, ಯೌವನದಲ್ಲಿ ಅವರಿಗೆ ಹೆಸರು ತಂದ ಮದುಮಗಳ ಹಾಡು. ಮೊದಲ ನುಡಿಯಲ್ಲಿ ಮದುಮಗಳು ಊರ ಚಿಲುಮೆಗೆ ವಿದಾಯ ಹೇಳುತ್ತಾಳೆ, ಎರಡರಲ್ಲಿ ಮಗ್ಗಕ್ಕೆ, ಮೂರರಲ್ಲಿ ತಾಯಿಗೆ. ಆಮೇಲೆ ಮಾತಿಲ್ಲ, ಒಂದು ನುಡಿಯಷ್ಟು ಹೊತ್ತು ಅವರು ಬರೀ ಗುನುಗುತ್ತಾರೆ.

“ನಾಲ್ಕನೇದು ಬರ್ಲೇ ಇಲ್ಲ ಕಣವ್ವ” ಎಂದರು. “ಐವತ್ತು ವರ್ಷ ಕಾದೆ. ಹಾಡು ಮುಗಿದಿಲ್ಲ ಅಂತ ನಂಗೊತ್ತು, ಅದಕ್ಕೂ ಗೊತ್ತು.”

ಹಾಡಿನ ಧ್ವನಿಮುದ್ರಣದ ಪ್ರತಿಯನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಹಾಕಿದೆ. ನನ್ನ ಅಜ್ಜಿ ತಸಾದಿತ್, ಎಪ್ಪತ್ತೆರಡರ ಹೆಂಗಸು, ಅಗಲ ಬೋಗುಣಿಯಲ್ಲಿ ಗೋಧಿ ಹಿಟ್ಟನ್ನು ಕುಸ್‌ಕುಸ್ ಕಾಳಾಗಿ ಉಜ್ಜುತ್ತಿದ್ದರು. ಮೂರನೆಯ ನುಡಿ ಮುಗಿಯಿತು, ಗುನುಗು ಶುರುವಾಯಿತು. ಅಜ್ಜಿ ಕೈ ನಿಲ್ಲಿಸದೆ, ತಲೆ ಎತ್ತದೆ, ಆ ಗುನುಗಿನ ಮೇಲೆ ಹಾಡಿದರು:

ಅವ್ವಾ, ಬಾಗಿಲಿಗೆ ಅಗಳಿ ಹಾಕಬೇಡ,
ಕೈ ಎತ್ತಿದವನ ಮನೆಯಲ್ಲಿ ಕೂರುವವಳಲ್ಲ ನಾನು;
ಇಳಿದು ಹೋದ ದಾರಿ ಏರಿ ಬರಲೂ ಬಲ್ಲೆ,
ನನ್ನ ಪಾಲಿನ ರೊಟ್ಟಿ ಮುಚ್ಚಿಟ್ಟಿರು.

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುನುಗು ನಿಂತಲ್ಲಿ ಅಜ್ಜಿಯೂ ನಿಂತರು.

“ಇದು ಎಲ್ಲಿಂದ ಬಂತಜ್ಜಿ?”

“ಎಲ್ಲಿಂದ ಅಂದ್ರೆ? ನನ್ನ ತಂಗಿ ಮದುವೆಗೆ ನಾನೇ ಕಟ್ಟಿದ್ದು, ನಾಲ್ಕೂ ನುಡಿ. ಹತ್ತೊಂಬತ್ತು ನಂಗಾಗ.”

“ಮತ್ತೆ ದಾ ಮೆಝಿಯಾನ್?”

“ಹೆಂಗಸರು ಅಂಗಳದಲ್ಲಿ ಹಾಡೋದನ್ನ ಗಂಡಸರು ಗೋಡೆ ಆಚೆ ಕೇಳ್ತಾರೆ. ಮದರಂಗಿ ಬಟ್ಟಲು ಬಂದ್ಕೂಡ್ಲೆ ಅವರು ಎದ್ದು ಹೋಗ್ಬೇಕು. ನಾಲ್ಕನೇದು ಹೇಳೋದೇ ಆಮೇಲೆ. ಬೇರೆಯವರಾಗಿದ್ರೆ ಕದ್ದು ಕೇಳಿರೋರು. ಪಾಪ, ಅವನು ಮರ್ಯಾದಸ್ಥ, ಎದ್ದು ಹೋಗಿದ್ದಾನೆ.”

“ಯಾರ ಹಾಡು ಅಂತ ಕೇಳಲಿಲ್ವಾ?”

“ಕೇಳಿದ್ದ. ನಮ್ಮವ್ವ ‘ಯಾರದ್ದೂ ಅಲ್ಲ’ ಅಂದ್ಲು. ಇನ್ನೇನನ್ಬೇಕಿತ್ತು? ಮಗಳ ಹೆಸರನ್ನ ಬೀದಿಗೆ ಬಿಡ್ಬೇಕಿತ್ತಾ?”

ಅಂಗಳದ ಹಾಡು ಹೊರಗೆ ಹೋದರೂ ಕಟ್ಟಿದವಳ ಹೆಸರು ಒಳಗೇ ಉಳಿಯುವುದು ನಮ್ಮಲ್ಲಿಯ ರೂಢಿ. ಇದು ಗೊತ್ತಿದ್ದೂ ನನ್ನ ಪ್ರಬಂಧದ ನಲವತ್ತು ಪುಟಗಳಲ್ಲಿ ‘ಹೆಣ್ಣಿನ ದುಃಖಕ್ಕೆ ದನಿಯಾದ ಗಂಡು ಕವಿ’ ಎಂದು ಕೊಂಡಾಡಿದ್ದೆ. ಅದನ್ನು ಟೈಪು ಮಾಡಿದ್ದು ಅದೇ ಅಡುಗೆಮನೆಯಲ್ಲಿ, ಅದೇ ಅಜ್ಜಿ ಕೊಟ್ಟ ಕಾಫಿ ಕುಡಿಯುತ್ತ.

ಆದರೆ ನನ್ನನ್ನು ಕೆಡವಿದ್ದು ಅದಲ್ಲ, ಅಜ್ಜಿ ಬೋಗುಣಿಗೆ ಹಿಟ್ಟು ಉದುರಿಸುತ್ತ ಹೇಳಿದ ಮುಂದಿನ ಮಾತು. “ರೇಡಿಯೋದಲ್ಲಿ ಬಂದ್ಮೇಲೆ ಎಲ್ಲರೂ ಮೂರಕ್ಕೇ ನಿಲ್ಸಿದ್ರು. ನಿನ್ನ ಚಿಕ್ಕಮ್ಮನ ಮದುವೆಗೆ ಕ್ಯಾಸೆಟ್ ಹಾಕಿದ್ರು. ನಾನು ನಾಲ್ಕನೇದು ಎತ್ತೋ ಹೊತ್ತಿಗೆ ಮುಂದಿನ ಹಾಡು ಶುರುವಾಗಿತ್ತು.” ನನ್ನ ಚಿಕ್ಕಮ್ಮ ಹನ್ನೊಂದು ವರ್ಷ ಗಂಡನ ಪೆಟ್ಟು ತಿಂದರು, ಒಂದು ದಿನವೂ ತವರಿನ ಬಾಗಿಲಿಗೆ ಬಂದವರಲ್ಲ. ಈಗ ಅವರಿಲ್ಲ.

ಕಿರುಹೊತ್ತಗೆ ಗುರುವಾರ ಅಚ್ಚಿಗೆ ಹೋಗಬೇಕಿತ್ತು. ಅಚ್ಚಾದರೆ ಮೂರು ನುಡಿಯ ಹಾಡೇ ಕೊನೆಯ ಪಾಠವಾಗಿ ಉಳಿಯುತ್ತದೆ. “ಸುಮ್ನಿರೆ, ಆ ಮುದುಕನ ಹೊಟ್ಟೆ ಉರಿಸ್ಬೇಡ” ಎಂದರು ಅಜ್ಜಿ. ಮೂರು ದಿನ ನಾನು ದಿನಚರಿಯಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಗೋಡೆಗೆ ಮುಖ ಮಾಡಿ ಕೂತ ಆ ಮನುಷ್ಯನಿಗೆ ಹೇಗೆ ಹೇಳುವುದು?

ಮುಂದೆ ನಡೆದದ್ದನ್ನು ಆಲ್ಬಮ್ ಕೇಳಿದವರು ಬಲ್ಲರು. ಗುನುಗಿನ ಜಾಗದಲ್ಲಿ ಈಗ ಮುದುಕಿಯೊಬ್ಬಳ ಒರಟು ದನಿಯಿದೆ. ಹಾಡಿನ ಕೆಳಗೆ ತಸಾದಿತ್ ಎಂಬ ಹೆಸರಿದೆ. ಅಜ್ಜಿ ಒಪ್ಪಲು ಒಂದು ವಾರ ಹಿಡಿಯಿತು, ದಾ ಮೆಝಿಯಾನ್ ಅವರಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ತಮ್ಮ ಕೀರ್ತಿಯ ಬುನಾದಿಯಿಂದಲೇ ತಮ್ಮ ಹೆಸರನ್ನು ತೆಗೆಸಿ, ಇದನ್ನೆಲ್ಲ ಈ ಸಂಪುಟದಲ್ಲಿ ಬರೆಯಲೇಬೇಕೆಂದು ಹಟ ಹಿಡಿದ ಈ ಹಿರಿಯರ ಕಣ್ಣ ಪೊರೆ ಬೇಗ ಕಳೆಯಲಿ, ದನಿಗೆ ದಣಿವಾಗದಿರಲಿ, ಇನ್ನೂ ಕಟ್ಟಬೇಕಿರುವ ಹಾಡುಗಳಿಗೆ ಬೇಕಾದಷ್ಟು ಆಯುಸ್ಸು ಅವರಿಗಿರಲಿ.

ಆ ಗುರುವಾರ, ಆಲ್ಬಮ್ ಹೊರತರುತ್ತಿದ್ದ ಸಂಘದ ಕೋಣೆಯಲ್ಲಿ ಕಾರ್ಯದರ್ಶಿ ಮುಲೂದ್ ಕರಡು ಓದುತ್ತಿದ್ದರು. “ಏಳನೇದು. ಸಾಹಿತ್ಯ, ಸಂಗೀತ: ಮೆಝಿಯಾನ್. ಸರಿನಾ, ಲೂನ್ಜಾ?” ನಾನು ಎಂದಿನಂತೆ ತಲೆಯಾಡಿಸುವೆನೆಂದು ಅವರು ಆಗಲೇ ಹಾಳೆ ಮಗುಚಿದ್ದರು.

“ಇವಳನ್ನೇನು ಕೇಳ್ತೀಯ, ಇವಳು ತಪ್ಪು ಬಿಡೋಳಲ್ಲ” ಎಂದು ದಾ ಮೆಝಿಯಾನ್ ನಕ್ಕು, ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದರು.

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

“ದಾ ಮೆಝಿಯಾನ್, ಆ ಹಾಡು ನಿಮ್ಮದಲ್ಲ. ನಮ್ಮಜ್ಜಿದು. ಅದಕ್ಕೆ ನಾಲ್ಕನೇ ನುಡಿ ಇದೆ.”