ಬೊಗಸೆ ನೀರಿನ ಹಾಡು

ಹತ್ತಿ ಹೊಲದಲ್ಲಿ ಪಕ್ಕೀರವ್ವ ಇದ್ದಾಳೆ ಎಂದರೆ ತಾವರಗೇರಾದ ಗಂಡಸರು ಬಾಯಿ ಬಿಗಿಹಿಡಿದು ಕೆಲಸ ಮಾಡುತ್ತಿದ್ದರು. ಮಾತಾಡಬಾರದೆಂದೇನಲ್ಲ. ಮಾತಾಡಬಹುದಿತ್ತು, ಬೀಡಿ ಸೇದಬಹುದಿತ್ತು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ನಿಜಾಮನ ಸರಕಾರವನ್ನೂ ಬೈಯಬಹುದಿತ್ತು. ಹಾಡಬಾರದು, ಅಷ್ಟೇ. ಅದರಲ್ಲೂ ನಾರಿ, ಗಿಣಿ, ಚೆಲುವಿ ಎಂಬ ಮಾತು ಬರುವ ಪದವನ್ನು ಗುನುಗಿದರೋ, ಕೆಟ್ಟರು. ಉಡಿಯಲ್ಲಿದ್ದ ಹತ್ತಿಯನ್ನು ಅಲ್ಲೇ ಸುರಿದು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದೇಬಿಡುತ್ತಿದ್ದಳು.

"ಯಾರಪ್ಪಾ ಆ ಗಿಣಿ? ಯಾವೂರಾಕಿ? ಆಕಿನ್ನ ಕೇಳಿ ಹಾಡಾಕತ್ತೀಯೇನು?"

ಹೊಸಬರು ನಗುತ್ತಿದ್ದರು. ಹಳಬರು ಅವರ ಕಾಲು ತುಳಿದು ಸುಮ್ಮನಿರಿಸುತ್ತಿದ್ದರು. ಒಂದು ಹೆಂಗಸಿಗೆ ಇಷ್ಟೊಂದು ಸಿಟ್ಟು ಯಾಕಪ್ಪಾ ಎಂದು ಕೇಳುವವರು ಕೇಳಲಿ. ಆ ಸಿಟ್ಟು ಎಲ್ಲಿಂದ ಬಂತೆಂದು ಹೇಳಿದರೆ ನಿಮಗೂ ಬರುತ್ತದೆ. ಬಾರದಿದ್ದರೆ ಅದು ನಿಮ್ಮ ಹಣೆಬರಹ, ನಾನೇನು ಮಾಡಲಿ!

ಪಕ್ಕೀರವ್ವನನ್ನು ದೂರದ ಅಳವಂಡಿಗೆ ಕೊಟ್ಟಿತ್ತು. ಗಂಡ ಅಮರಪ್ಪ ಒಕ್ಕಲುತನದವ, ತಂದೆಯ ಮಾತು ಮೀರದವ. ಮಾವ ಕಳಕಪ್ಪ ನಾಲ್ಕು ಜನರ ನಡುವೆ ಕೂತು ನ್ಯಾಯ ಹೇಳುವ ಮನುಷ್ಯ. ಒಬ್ಬಳೇ ಮಗಳು ಕರಿಯವ್ವ, ಆಗ ಮೂರು ವರ್ಷದ ಕೂಸು. ಹೀಗಿರುವಾಗ ತವರು ತಾವರಗೇರಾದಿಂದ ಸುದ್ದಿ ಬಂತು. ತಾಯಿ ಪಾರ್ವತೆಮ್ಮ ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ನೋಡಿಕೊಳ್ಳಲು ಮನೆಯಲ್ಲಿ ನರಪಿಳ್ಳೆಯೂ ಇಲ್ಲ.

"ಇಂಥ ಬಿಸಲಾಗ ಕೂಸನ್ನ ಯಾಕ ಒಯ್ತಿ? ಅವ್ವಗ ಆರಾಮ ಆಗೂತನಕ ಇದ್ದು ಬಾ. ಆಮ್ಯಾಲ ಗಾಡಿ ಕಳಸ್ತೀನಿ" ಎಂದ ಕಳಕಪ್ಪ. ಮಾತು ಸರಿಯೆನಿಸಿತು. ಮಗಳನ್ನು ಬಿಟ್ಟು ಬಂದಳು.

ತಾಯಿಯನ್ನು ಎತ್ತಿ ಕೂರಿಸುವುದು, ಮೈ ತೊಳೆಯುವುದು, ಹಾಸಿಗೆಯಲ್ಲೇ ಹೇಲು ಉಚ್ಚೆ ಬಳಿಯುವುದು, ಹೊತ್ತು ಸಿಕ್ಕರೆ ಹತ್ತಿ ಬಿಡಿಸಲು ಹೋಗುವುದು. ಪಕ್ಕೀರವ್ವನ ದಿನಚರಿ ಇದು. ಒಂದು ದಿನ ಮಟಮಟ ಮಧ್ಯಾಹ್ನ ಪಕ್ಕದ ಮನೆಯ ಹಜರತಬೀ ಜೊತೆ ಬಾವಿಗೆ ಹೋದಾಗ, ಕುಷ್ಟಗಿಯ ಹಾದಿಯಿಂದ ಬಂದ ಹುಡುಗನೊಬ್ಬ ಬಿಸಿಲಿಗೆ ಬಾಡಿ ನಿಂತಿದ್ದ. ಹೆಗಲಲ್ಲಿ ಹಾಡುಗಾರರು ಬಡಿಯುವ ದಪ್ಪು. ಬೊಗಸೆ ಒಡ್ಡಿದ. ಎರೆದಳು. ಗಟಗಟ ಕುಡಿಯತೊಡಗಿದವನಿಗೆ, "ಸಾವಕಾಶ ಕುಡಿ ತಮ್ಮಾ, ನೆತ್ತಿಗೆ ಹತ್ತೀತು" ಎಂದಳು. ಅಷ್ಟೇ ಮಾತು. ಕುಡಿದ, ಹೋದ. ಇವಳು ಕೊಡ ಹೊತ್ತು ಮನೆಗೆ ಬಂದಳು, ಮರೆತಳು.

ಅವನು ಮರೆಯಲಿಲ್ಲ! ಅವನ ಹೆಸರು ಉಮಾಪತಿ, ಹರದೇಶಿ ಮೇಳದ ಹಾಡುಗಾರ. ಊರವರನ್ನು ಕೇಳಿ ಇವಳು ಯಾರು, ಎಲ್ಲಿಗೆ ಕೊಟ್ಟವಳು ಎಂಬುದನ್ನೆಲ್ಲ ತಿಳಿದುಕೊಂಡು ಪದ ಕಟ್ಟಿದ.

ತಾವರಗೇರಿ ಬಾವಿಯ ಕಟ್ಟಿ ಮ್ಯಾಲ ನಿಂತಾಳ ಹೆಣ್ಣ
ಗದ್ದದ ಮ್ಯಾಲ ಮೂರ ಹಚ್ಚಿ ಬೊಟ್ಟ, ಮಿಂಚಿನಂಥ ಕಣ್ಣ
ಬೊಗಸಿಗಿ ನೀರ ಎರದಾಳ, ನನ ಜೀವಾ ಸುಟ್ಟಾಳ
ಅಳವಂಡಿಗಿ ಕೊಟ್ಟ ಗಿಣಿಯವ್ವ ಪಂಜರ ಬಿಟ್ಟಾಳ

ಇಡೀ ತಾಲೂಕಿನಲ್ಲಿ ಗದ್ದದ ಮೇಲೆ ಮೂರು ಹಚ್ಚೆಬೊಟ್ಟು ಇದ್ದು, ಅಳವಂಡಿಗೆ ಲಗ್ನವಾಗಿ ಹೋಗಿ, ತಾವರಗೇರಾಕ್ಕೆ ಬಂದು ಕೂತವಳು ಇನ್ನೊಬ್ಬಳು ಎಲ್ಲಿದ್ದಾಳೆ? ಹೆಸರು ಹೇಳಲಿಲ್ಲವಂತೆ, ಮಾನ ಉಳಿಸಿದನಂತೆ. ಎಂಥ ದೊಡ್ಡ ಉಪಕಾರ!

ಇದಾದರೂ ಸುಡಲಿ ಎನ್ನಬಹುದಿತ್ತು. ಆದರೆ ಹರದೇಶಿ ಎಂದ ಮೇಲೆ ಎದುರಿಗೆ ನಾಗೇಶಿ ಮೇಳ ಇರಲೇಬೇಕು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣಿನ ಪರವಾಗಿ ಹಾಡುತ್ತಾರೆ. ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳ ಜವಾಬು ಕೊಡಬೇಕು. ಕೊಡದಿದ್ದರೆ ಎದುರಿನವನು ಹೇಳಿದ್ದನ್ನು ಒಪ್ಪಿದ ಹಾಗೆ, ದಪ್ಪು ಮಗುಚಿ ಇಟ್ಟು ಏಳಬೇಕು. ಇದು ಮೇಳದ ಕಟ್ಟಳೆ. ಮಜಾ ಏನೆಂದರೆ, ಆಗ ಈ ಕಡೆ ಹೆಣ್ಣಿನ ಪರ ಹಾಡುವವರೂ ಗಂಡಸರೇ! ನಾಗೇಶಿ ಮೇಳದ ದಾದೇಸಾಬ, ದಪ್ಪ ಮೀಸೆಯ ಆಳು, ದನಿ ಸಣ್ಣಗೆ ಮಾಡಿಕೊಂಡು, ತಲೆಯ ಮೇಲೆ ಟವೆಲ್ಲಿನ ಸೆರಗು ಹೊದ್ದು ಪಕ್ಕೀರವ್ವನ ಬಾಯಿಂದ ಜವಾಬು ಹಾಡಿದ.

ನಿನಗಾಗಿ ಬಂದೇನೊ ರಾಯಾ, ತವರಿನ ನೆವ ಮಾಡಿ
ಮತ್ತೊಮ್ಮಿ ಬಾರೊ ಬಾವಿಗಿ, ಬೊಗಸಿ ಮುಂದ ಮಾಡಿ

ಮೋಹ ಹುಟ್ಟಿದ್ದು ಅವನಿಗೆ. ಹಾಡು ಕಟ್ಟಿದವನು ಅವನು. ಒಪ್ಪಿಗೆ ಕೊಟ್ಟವನು ಇನ್ನೊಬ್ಬ ಗಂಡಸು. ಇವರಿಬ್ಬರ ನಡುವೆ ಪಕ್ಕೀರವ್ವ ಎಲ್ಲಿ ಬಂದಳು? ಅವಳು ಆ ಹೊತ್ತಿಗೆ ತಾಯಿಯ ಹಾಸಿಗೆ ಒಗೆಯುತ್ತಿದ್ದಳು.

ಹಾಡಿಗೆ ಕಾಲಿರುತ್ತದೆ. ಕುಷ್ಟಗಿಗೆ ಹೋಯಿತು, ಯಲಬುರ್ಗಾ ದಾಟಿತು, ಕೊಪ್ಪಳದ ಹತ್ತಿ ಗಿರಣಿಯ ಹಮಾಲರ ಬಾಯಿಗೆ ಬಿತ್ತು, ಅಲ್ಲಿಂದ ಅಳವಂಡಿ ಎಷ್ಟು ದೂರ! ಕಳಕಪ್ಪ ಕಳಿಸುತ್ತೇನೆಂದ ಗಾಡಿ ಬರಲಿಲ್ಲ. ಮಳೆಗಾಲ ಕಳೆಯಿತು, ಸುಗ್ಗಿ ಕಳೆಯಿತು. ಪಕ್ಕೀರವ್ವ ಸಂತೆಗೆ ಬಂದ ಆ ಕಡೆಯವರ ಕೈಯಲ್ಲಿ ಹೇಳಿ ಕಳಿಸಿದಳು, ಒಂದಲ್ಲ, ಎಷ್ಟೋ ಸಲ. "ಕೂಸನ್ನಾದರೂ ಕಳಸ್ರಿ, ಮಾರಿ ನೋಡಿ ಹೊಳ್ಳಿ ಕಳಸ್ತೀನಿ" ಎಂದಳು. ಹೇಳಿಸಿಕೊಂಡವರು ಅವಳ ಗದ್ದ ನೋಡಿ ಮುಸಿಮುಸಿ ನಗುತ್ತ ಹೋಗುತ್ತಿದ್ದರು.

ವರ್ಷ ತಿರುಗಿದ ಮೇಲೆ, ಸಂತೆಯ ದಿನ ಬೆಳಿಗ್ಗೆ, ಕಳಕಪ್ಪ ತಾನೇ ಬಂದ. ಮನೆಯೊಳಗೆ ಬರಲಿಲ್ಲ. ಕಟ್ಟೆಯ ಮೇಲೂ ಕೂರಲಿಲ್ಲ.

"ನಿನ್ನ ನಮ್ಮ ಮನಿಗೆ ಕರಕೊಳ್ಳೂದಿಲ್ಲವ್ವಾ. ಕೂಸು ನಮ್ಮ ಕಡೆನ ಇರತೈತಿ. ಇಷ್ಟ ಹೇಳಾಕ ಬಂದೀನಿ."

"ನಾ ಏನ ತಪ್ಪ ಮಾಡೀನ್ರಿ ಮಾವಾರ?"

"ಊರ ತುಂಬ ಹಾಡಾಕತ್ತಾರ. ನನ್ನ ಬಾಯಿಲೆ ಯಾಕ ಹೇಳಸ್ತಿ?"

"ಹಾಡಿದವರು ಅವರು. ನಾ ಏನರ ಅಂದೀನೇನ್ರಿ?"

"ಅದನ್ನ ನಾನೂ ಕೇಳಾಕತ್ತೀನಿ. ಸವಾಲಿಗೆ ಜವಾಬು ಬರಲಿಲ್ಲಂದ್ರ ಒಪ್ಪಿದಂಗ. ವರ್ಷಾತು ಈ ಹಾಡು ಬಂದು. ಅಲ್ಲ, ಸುಳ್ಳು ಅಂತ ನೀ ಎಲ್ಲಿ ಜವಾಬು ಕೊಟ್ಟಿ?"

ಅಯ್ಯೋ ಇವನ ನ್ಯಾಯಕ್ಕೆ ಬೆಂಕಿ ಬೀಳ! ಮೇಳದ ಕಟ್ಟಳೆಯನ್ನು ತಂದು ಮನೆಯ ಹೊಸ್ತಿಲಲ್ಲಿ ಇಟ್ಟ. ಹೆಂಗಸರು ಮೇಳದ ಹತ್ತಿರ ಸುಳಿಯುವ ಹಾಗಿಲ್ಲ, ಮಾಳಿಗೆಯ ಮೇಲೆ ಸೆರಗು ಹೊದ್ದು ದೂರದಿಂದ ಕೇಳಬೇಕು. ಬಾಯಿ ಕಟ್ಟಿ ಹಾಕಿದವರೂ ಇವರೇ, ಯಾಕೆ ಮಾತಾಡಲಿಲ್ಲ ಎಂದು ಕೇಳುವವರೂ ಇವರೇ. ಪಕ್ಕೀರವ್ವ ಮಾವನ ಕಾಲು ಹಿಡಿಯಲು ಬಾಗಿದವಳು ಹಾಗೆಯೇ ಎದ್ದು ನಿಂತಳು. ಅವನು ಹೋದ ಮೇಲೂ ಬಾಗಿಲಲ್ಲಿ ನಿಂತೇ ಇದ್ದಳು. ಒಳಗಿನಿಂದ ಪಾರ್ವತೆಮ್ಮ ಕೂಗಿದಳು, "ಯಾರ ಬಂದಿದ್ರ?"

ಅದೇ ಮಧ್ಯಾಹ್ನ ಸಂತೆಯ ಬಯಲಿನ ಬೇವಿನ ಮರದ ಕೆಳಗೆ ಎರಡೂ ಮೇಳಗಳು ಕೂಡಿದ್ದವು. ಅಳವಂಡಿಯ ದೊಡ್ಡ ಮನುಷ್ಯರು ಬಂದಿದ್ದಾರೆಂದು ಕಳಕಪ್ಪನನ್ನೇ ಸೋಲು ಗೆಲುವು ಹೇಳುವ ಪಂಚನನ್ನಾಗಿ ಮುಂದೆ ಕೂರಿಸಿದ್ದರು. ಉಮಾಪತಿ ಬೇರೆ ಯಾವುದೋ ಪದ ಎತ್ತಿಕೊಂಡಿದ್ದ. ಜನ ಬಿಡಬೇಕಲ್ಲ! "ಬೊಗಸಿ ನೀರಿಂದು ಹಾಡೋ, ಬೊಗಸಿ ನೀರಿಂದು!" ಎಂದು ಕೂಗಿದರು. ಉಮಾಪತಿ ಕಳಕಪ್ಪನ ಮುಖ ನೋಡಿದ. ಕಳಕಪ್ಪ ನೆಲ ನೋಡಿದ. ದಪ್ಪು ಬಿತ್ತು, ಹಾಡು ಎದ್ದಿತು. ದಾದೇಸಾಬ ಟವೆಲ್ಲು ತಲೆಗೆ ಎಳೆದುಕೊಂಡು ಬಾಯಿ ತೆರೆಯಬೇಕು, ಅಷ್ಟರಲ್ಲಿ ಜನ ಎರಡು ಪಾಲಾಗಿ ದಾರಿ ಬಿಟ್ಟರು.

ಪಕ್ಕೀರವ್ವ ಬರುತ್ತಿದ್ದಳು. ಹಿಂದೆ ಹಜರತಬೀ, "ಬ್ಯಾಡ ಯಕ್ಕಾ, ಗಂಡಸರ ಕೂತಾರ" ಎನ್ನುತ್ತಲೇ ಅವಳೂ ಬರುತ್ತಿದ್ದಳು.

"ಟವೆಲ್ಲ ತಗೀ ದಾದೇಸಾ. ನನ್ನ ಮಾತ ಆಡಾಕ ನಾನ ಬಂದೀನಿ" ಎಂದಳು ಪಕ್ಕೀರವ್ವ. ಆಮೇಲೆ ಕಳಕಪ್ಪನ ಕಡೆ ತಿರುಗಿದಳು. "ಮಾವಾರ, ಮುಂಜಾನಿ ಜವಾಬು ಕೇಳಿದ್ರಿ. ತಂದೀನಿ, ಕೇಳ್ರಿ."

"ಏ ತಂಗಿ, ಇದು ಮೇಳ ಐತಿ, ಹೆಣ್ಣಮಕ್ಕಳ ಕೆಲಸಲ್ಲ" ಎಂದ ದಾದೇಸಾಬ.

"ಹೆಣ್ಣಮಕ್ಕಳ ಬಾಯಿ ಬೇಕು, ಹೆಣ್ಣಮಕ್ಕಳು ಬ್ಯಾಡ ಹೌದಿಲ್ಲೋ?" ಎಂದು ಗದರಿದಳು. ದಾದೇಸಾಬನ ಕೈ ತಾನಾಗಿಯೇ ಟವೆಲ್ಲಿಗೆ ಹೋಯಿತು.

ಅವಳಿಗೆ ಲಾವಣಿಯ ಧಾಟಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೀಸುವ ಕಲ್ಲಿನ ಪದ ಒಂದೇ. ಅದನ್ನೇ ಎತ್ತಿದಳು. ದನಿ ಬಯಲು ತುಂಬಿತು.

ಬಾಯಾರಿ ಬಂದವಗ ನೀರ ಎರದೇನ ನಾನ
ನಾಯಿ ಬಂದರೂ ಎರಿತಿದ್ದೆ, ಉಮಾಪತಿ
ನಾಯಿ ಊರೂರ ಬೊಗಳಿಲ್ಲ

ಹಡದವ್ವ ನನ್ನವ್ವ ಹಾಸಿಗಿ ಹಿಡದಾಳ
ಬಿದ್ದ ಮುದುಕಿನ್ನ ನೆವ ಅಂದಿ, ದಾದೇಸಾ
ನಿಮ್ಮವ್ವ ಬಿದ್ದರ ಏನಂದಿ?

ಹೆಂಗಸೊಬ್ಬಳು ಗಂಡಸರ ಹೆಸರು ಹಿಡಿದು ಹಾಡುವುದನ್ನು ಆ ಊರು ಕೇಳಿರಲಿಲ್ಲ. ನಗುತ್ತಿದ್ದವರ ನಗು ನಿಂತಿತು. ಮಾಳಿಗೆಗಳ ಮೇಲಿದ್ದ ಹೆಂಗಸರು ಅಂಚಿಗೆ ಬಂದು ನಿಂತರು. ಪಕ್ಕೀರವ್ವ ಹಾಡು ನಿಲ್ಲಿಸಿ ಉಮಾಪತಿಯ ಎದುರಿಗೆ ಹೋದಳು.

"ಜವಾಬು ಆತು. ಈಗ ನನ್ನ ಸವಾಲು. ಗದ್ದದ ಬೊಟ್ಟ ಹೇಳಿದಿ, ಕಣ್ಣ ಹೇಳಿದಿ, ಬಾವಿ ಕಟ್ಟಿ ಹೇಳಿದಿ. ನೀರ ಎರಿಯೂವಾಗ ನಾ ಒಂದ ಮಾತ ಅಂದೆ, ಅದನ್ನ ಯಾಕ ಹಾಡಲಿಲ್ಲ? ಏನಂದೆ? ನಾಲ್ಕ ಜನದಾಗ ಹೇಳು."

ಉಮಾಪತಿ ತುಟಿ ಒದ್ದೆ ಮಾಡಿಕೊಂಡ. ದಪ್ಪಿನ ಅಂಚು ಸವರಿದ. ನೆನಪಿತ್ತು, ಯಾಕಿರುವುದಿಲ್ಲ? ಹೇಳಿದರೆ ತಮ್ಮಾ ಎಂದು ಕರೆದವಳ ಮೇಲೆ ಇಂಥ ಪದ ಕಟ್ಟಿದವನು ಎನಿಸಿಕೊಳ್ಳಬೇಕು. ಹೇಳದಿದ್ದರೆ ಸೋತ ಹಾಗೆ.

"ಹಾಡಿನ್ಯಾಗ ಅವೆಲ್ಲಾ ಬರೂದಿಲ್ರಿ... ಹಾಡಂದ್ರ ಹಂಗ..." ಎಂದು ತೊದಲಿದ.

"ತಮ್ಮಾ ಅಂದಾಳ!" ಹಜರತಬೀ ಹಿಂದಿನಿಂದ ಕಿರುಚಿದಳು. "ಸಾವಕಾಶ ಕುಡಿ ತಮ್ಮಾ ಅಂದಾಳ. ನನ್ನ ಕಿವಿಯಾರೆ ಕೇಳೀನಿ. ಅಲ್ಲಾನ ಆಣಿ!"

ಪಕ್ಕೀರವ್ವ ಕಾದಳು. ಉಮಾಪತಿ ಇಲ್ಲವೆನ್ನಲಿಲ್ಲ. ಬಗ್ಗಿ ದಪ್ಪನ್ನು ಮಗುಚಿ ಮಣ್ಣಿನ ಮೇಲೆ ಇಟ್ಟ.

"ಕಟ್ಟಳಿ ನಿಮ್ಮದ ಐತ್ರಿ ಮಾವಾರ. ಜವಾಬು ಬರಲಿಲ್ಲಂದ್ರ ಏನಂತ?"

ಕಳಕಪ್ಪ ಇಷ್ಟು ಜನರೆದುರು ಬೇರೆ ಹೇಳುವಂತಿರಲಿಲ್ಲ. "ಹಾಡು ಸುಳ್ಳಂತ ಆತು. ನಡಿ, ಮನಿಗೆ ನಡಿ" ಎಂದ.

"ನಾ ಬರೂದು ಆಮ್ಯಾಲಿನ ಮಾತು. ಮದಲ ನನ್ನ ಮಗಳನ್ನ ತಂದು ನನ್ನ ಉಡಿಯಾಗ ಹಾಕ್ರಿ. ಇಲ್ಲೇ ಮಾತ ಕೊಡ್ರಿ."

ಕೊಟ್ಟ. ಕೊಡದೆ ಏನು ಮಾಡುತ್ತಾನೆ!

ಮುಂದಿನ ಸಂತೆ ಆಗಿ, ಅದರ ಮುಂದಿನದು ಬರುವ ಮೊದಲು ಗಾಡಿ ಬಂತು. ಅಮರಪ್ಪ ತಾನೇ ಹೊಡೆದುಕೊಂಡು ಬಂದಿದ್ದ. ಹೊಸ ರುಮಾಲು, ಗಾಡಿಯಲ್ಲಿ ಹೆಂಡತಿಗೆ ಕೂರಲು ಹುಲ್ಲು ಹಾಸಿ ಮೇಲೆ ಕೌದಿ. ಕೌದಿಯ ಮೇಲೆ ಕರಿಯವ್ವ. ಬೆಳೆದಿದ್ದಳು. ಜಡೆ ಬಂದಿತ್ತು. ಪಕ್ಕೀರವ್ವ ಓಡಿ ಹೋಗಿ ಎರಡೂ ಕೈ ಚಾಚಿದರೆ ಕೂಸು ಹಿಂದೆ ಸರಿಯಿತು. ಗುರುತು ಸಿಗಲಿಲ್ಲ.

"ನಿಮ್ಮವ್ವ ಅದಾಳ, ಹೋಗ" ಎಂದು ಅಮರಪ್ಪ ಕೂಸನ್ನು ಇಳಿಸಿದ. "ಭಾಳ ಶ್ಯಾಣ್ಯಾ ಆಗ್ಯಾಳ, ಹಾಡತಾಳ. ಹಾಡವಾ, ಅವ್ವಗ ಒಂದ ಹಾಡ ಹಾಡು."

ಹುಡುಗಿ ಲಂಗದ ತುದಿ ಹಿಡಿದು, ಎಳೆ ದನಿಯಲ್ಲಿ, ಕಣ್ಣು ಮುಚ್ಚಿಕೊಂಡು ಶುರುಮಾಡಿದಳು.

ಬೊಗಸಿಗಿ ನೀರ ಎರದಾಳ, ನನ ಜೀವಾ ಸುಟ್ಟಾಳ...

"ಏ, ಅದಲ್ಲ, ಅದಲ್ಲ!" ಅಮರಪ್ಪ ಗಡಬಡಿಸಿ ಕೂಸಿನ ಬಾಯಿಗೆ ಕೈ ಅಡ್ಡ ತಂದ.

ಪಕ್ಕೀರವ್ವ ಅವನ ಕೈ ತೆಗೆದಳು. ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದಳು. "ಯಾರ ಕಲಿಸ್ಯಾರವಾ ಇದನ್ನ?"

"ಅಪ್ಪಾ" ಎಂದಿತು ಕೂಸು. "ಅಪ್ಪಾ ದಿನಾ ಹೊಲದಾಗ ಹಾಡತಾನ."

ಅಮರಪ್ಪ ಎತ್ತಿನ ಹಗ್ಗ ನೋಡಿದ, ನೊಗ ನೋಡಿದ, ಹೆಂಡತಿಯ ಮುಖವೊಂದನ್ನು ನೋಡಲಿಲ್ಲ. "ಎಲ್ಲಾರೂ ಹಾಡತಿದ್ರು... ಧಾಟಿ ಛಲೋ ಐತಿ ಅಂತ... ಬಾಯಿಗೆ ಹತ್ತಿಬಿಟ್ಟತಿ" ಎಂದ.

ಹಾಡು ಕಟ್ಟಿದ ಉಮಾಪತಿಯ ಮೇಲೆ, ಟವೆಲ್ಲು ಹೊದ್ದ ದಾದೇಸಾಬನ ಮೇಲೆ ಕೂಗಾಡಿದವಳು ಇವನ ಮೇಲೆ ಕೂಗಾಡಲಿಲ್ಲ. ಮಗಳನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಕೂಸು ಈ ಸಲ ಸರಿಯಲಿಲ್ಲ, ಅವಳ ಗದ್ದದ ಮೇಲಿನ ಮೂರು ಬೊಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿತ್ತು.

"ಗಾಡಿ ಹೊಳ್ಳಸ್ರಿ" ಎಂದಳು ಗಂಡನಿಗೆ.

"ನೀ ಹತ್ತು ಮದಲ."

"ನಾ ಯಾಕ ಹತ್ತಲಿ? ನಿಮಗ ಹಾಡ ಐತೆಲ್ಲ, ಹಾಡಕೋತ ಹೋಗ್ರಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಡಿ ಇನ್ನೂ ಓಣಿ ದಾಟಿರಲಿಲ್ಲ, ಆಗಲೇ ಬೀಸುವ ಕಲ್ಲಿನ ಮುಂದೆ ಕರಿಯವ್ವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇರೆ ಪದ ಕಲಿಸತೊಡಗಿದ್ದಳು.