ಕೆಳಗಿನಿಂದ ಬಲೆ ಹಾಸುವ ಹುಡುಗಿ

ಸೂರ್ಯ ಇನ್ನೂ ಗುಡ್ಡದ ಆಚೆಯೇ ಇದ್ದಾನೆ. ಪಿಕಪ್ ಗಾಡಿ ತೋಟದ ನೆತ್ತಿಯ ಮೇಲೆ, ರಸ್ತೆಯ ಅಂಚಿನಲ್ಲಿ ನಿಂತಿದೆ. ಇಲ್ವಾ ಎಂಬ ಹುಡುಗಿ ಅದರಿಂದ ಬಲೆಯ ಸುರುಳಿಯೊಂದನ್ನು ಎಳೆದು ಹೆಗಲಿಗೇರಿಸಿ, ಒಂದೊಂದೇ ಹೆಜ್ಜೆ ಊರುತ್ತಾ ಇಳಿಜಾರಿನ ಕೊನೆಗೆ, ಕೊರಕಲಿನ ಅಂಚಿನಲ್ಲಿರುವ ಕಟ್ಟಕಡೆಯ ಆಲಿವ್ ಮರದವರೆಗೆ ಇಳಿಯುತ್ತಾಳೆ. ಇಬ್ಬನಿಯಲ್ಲಿ ನೆನೆದ ಬಲೆ ಒಣಗಿದ್ದಕ್ಕಿಂತ ದುಪ್ಪಟ್ಟು ತೂಗುತ್ತದೆ. ಬುಡದ ಸುತ್ತ ಅದನ್ನು ಬಿಚ್ಚಿ ಹರಡಿ, ಅಂಚಿಗೆ ಕಲ್ಲು ಹೇರಿ, ಏದುಸಿರು ಬಿಡುತ್ತಾ ಮತ್ತೆ ಗಾಡಿಯ ಬಳಿ ಹತ್ತುತ್ತಾಳೆ. ಇನ್ನೊಂದು ಸುರುಳಿ, ಇನ್ನೊಮ್ಮೆ ಇಳಿತ. ಎರಡನೆಯ ಬಲೆಯ ಕೆಳಂಚನ್ನು ಮೊದಲನೆಯದರ ಮೇಲೆ ಒಂದು ಮೊಳ ಬರುವಂತೆ ಹೊದಿಸುತ್ತಾಳೆ. ಮನೆಯ ಹೆಂಚು ಹೊದಿಸಿದ ಹಾಗೆಯೇ.

ಮೇಲೆ ನಿಂತ ಜೊತೆ ಕೆಲಸಗಾರ ಮನೂಸೋಸ್ ಕೊಂಬೆ ಬಡಿದು ಕಾಯಿ ಉದುರಿಸುವ ಯಂತ್ರದ ಉದ್ದ ಕೋಲನ್ನು ಒರೆಸುತ್ತಾ ಕೂಗುತ್ತಾನೆ. "ಏ ಇಲ್ವಾ, ನಿಮ್ಮೂರಲ್ಲಿ ಹಿಮ ಬೀಳುತ್ತೆ, ಇಲ್ಲಿ ಆಲಿವ್ ಬೀಳುತ್ತೆ. ಎಲ್ಲಿಗೋದ್ರೂ ನಿಂಗೆ ಬಾಚೋ ಕೆಲಸವೇ ನೋಡು!"

"ನೀನು ಬಡಿ, ನಾನು ಬಾಚ್ತೀನಿ. ಮಾತಾಡಿದ್ರೆ ಕಾಯಿ ಉದುರಲ್ಲ," ಎಂಬ ಉತ್ತರ ಕೆಳಗಿನಿಂದ ತಟ್ಟನೆ ಬರುತ್ತದೆ.

ಇಲ್ವಾಗೆ ಹತ್ತೊಂಬತ್ತು ವರ್ಷ. ಊರು ಲಾಟ್ವಿಯಾದ ಕುಲ್ದೀಗಾ. ಶಾಲೆ ಮುಗಿಸಿದ್ದಾಳೆ, ಅರಣ್ಯಶಾಸ್ತ್ರ ಓದಲು ಸೀಟೂ ಸಿಕ್ಕಿದೆ. ಆದರೆ ಸೇರುವುದು ಮುಂದಿನ ವರ್ಷ. ನಡುವಿನ ಈ ಒಂದು ವರ್ಷ ದೇಶ ಸುತ್ತಬೇಕು, ಸುತ್ತುವ ಖರ್ಚನ್ನು ದಾರಿಯಲ್ಲೇ ದುಡಿಯಬೇಕು, ಮನೆಯಿಂದ ಒಂದು ಯೂರೋ ಕೂಡ ತರಿಸಬಾರದು ಎಂಬುದು ಅವಳ ಹಟ. ಹಣ ಕೇಳಿದ ದಿನವೇ ವಾಪಸ್ ಬರುತ್ತೇನೆ ಎಂದು ಅಡುಗೆಮನೆಯಲ್ಲಿ ಎಲ್ಲರೆದುರು ಮಾತು ಕೊಟ್ಟು ಹೊರಟವಳು. ಬಸ್ ರಿಪೇರಿ ಮಾಡುವ ಅಪ್ಪ ಗುಂಟರ್ಸ್ ಚಹಾ ಕಲಕುವುದನ್ನೂ ನಿಲ್ಲಿಸದೆ ಹೇಳಿದ್ದಿಷ್ಟೇ: "ಮೊದಲನೇ ಭಾನುವಾರಕ್ಕೇ ಫೋನ್ ಬರುತ್ತೆ, ಟಿಕೆಟ್ಟಿಗೆ ದುಡ್ಡು ಕಳಿಸಪ್ಪಾ ಅಂತ."

ಆ ಭಾನುವಾರ ಕಳೆದು ಆರು ತಿಂಗಳಾಗಿದೆ. ಬೇಸಿಗೆಯಲ್ಲಿ ಕ್ರೊಯೇಷಿಯಾದ ಕಡಲತೀರದ ವಸತಿಗೃಹವೊಂದರಲ್ಲಿ ದಿನಕ್ಕೆ ನಲವತ್ತು ಹಾಸಿಗೆಯ ಹೊದಿಕೆ ಬದಲಿಸಿದಳು. ಸ್ಲೊವೇನಿಯಾದಲ್ಲಿ ದ್ರಾಕ್ಷಿ ಕೊಯ್ದಳು. ದ್ರಾಕ್ಷಿತೋಟದ ಮಾಲೀಕ ಕೊನೆಯ ಎರಡು ವಾರದ ಸಂಬಳ ಇವತ್ತು ನಾಳೆ ಎಂದು ಸತಾಯಿಸಿ ಕೈಯೆತ್ತಿಬಿಟ್ಟ. ನವೆಂಬರಿನಲ್ಲಿ ಕ್ರೀಟ್ ದ್ವೀಪದ ಈ ಹಳ್ಳಿಯಲ್ಲಿ ಬಸ್ಸಿಳಿದಾಗ ಅವಳ ಜೇಬಿನಲ್ಲಿದ್ದದ್ದು ಹನ್ನೊಂದು ಯೂರೋ. ಇಲ್ಲಿ ಕೆಲಸ ಸಿಗದಿದ್ದರೆ ಅಪ್ಪನಿಗೆ ಫೋನ್ ಮಾಡದೆ ಬೇರೆ ದಾರಿ ಇರಲಿಲ್ಲ.

ಕೆಲಸ ಕೊಟ್ಟವಳು ಆರ್ಗಿರೋ. ಅರವತ್ತೆರಡರ ಈ ವಿಧವೆ ತನ್ನ ಮರಗಳ ಜೊತೆಗೆ ಅಕ್ಕಪಕ್ಕದವರ ಮರಗಳ ಕೊಯ್ಲನ್ನೂ ಹಿಡಿಯುತ್ತಾಳೆ. ಮುಲಾಜಿನ ಹೆಂಗಸಲ್ಲ. ಇಲ್ವಾಳ ಕೈಗಳನ್ನು ಮಗುಚಿ ನೋಡಿ, "ಹಾಸಿಗೆ ಹಾಸಿದ ಕೈ. ಪರವಾಗಿಲ್ಲ, ಮೂರು ದಿನ ನೋಡೋಣ," ಎಂದಳಂತೆ. ಹಡಗಿನಲ್ಲಿ ಹದಿನೈದು ವರ್ಷ ದುಡಿದು ನಾಲ್ಕಾರು ಭಾಷೆ ಕಲಿತ ಮನೂಸೋಸ್ ಅದನ್ನು ತಿಳಿಸಿ ಹೇಳಿದ.

ಮೂರನೆಯ ದಿನವೇ ಎಡವಟ್ಟಾಯಿತು. ಎಲ್ಲಕ್ಕಿಂತ ಕಡಿದಾದ ಇದೇ ತೋಟದಲ್ಲಿ ಬಲೆ ಹಾಸಲು ಅವಳನ್ನು ಬಿಟ್ಟರು. ಗಾಡಿ ಮೇಲಿತ್ತು. ಸುಲಭವೆಂದು ಅವಳು ಮೇಲಿನ ಮರದಿಂದ ಶುರು ಮಾಡಿ, ಒಂದರ ಮೇಲೊಂದು ಅಂಚಿಡುತ್ತಾ ಕೆಳಗಿಳಿದಳು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಮನೂಸೋಸ್ ಯಂತ್ರ ಹಚ್ಚಿ ಕೊಂಬೆ ಬಡಿದ. ಉದುರಿದ ಕಾಯಿ ಮೇಲಿನ ಬಲೆಯಲ್ಲಿ ಉರುಳಿ, ಕೆಳಗಿನ ಬಲೆಯ ಮೇಲೆ ಬೀಳುವ ಬದಲು ಅದರ ಅಡಿಗೆ ನುಗ್ಗಿ, ಬರೀ ನೆಲದ ಮೇಲೆ ಜಾರಿ ಕೊರಕಲು ಸೇರಿತು. ಯಂತ್ರದ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಬಲೆ ಎತ್ತಿದರೆ ಹತ್ತು ಚೀಲ ಆಗಬೇಕಾದಲ್ಲಿ ಮೂರೇ ಚೀಲ.

"ನಮ್ಮೂರಲ್ಲಿ ಗುಡ್ಡಾನೇ ಇಲ್ಲ," ಎನ್ನುತ್ತಾಳೆ ಇಲ್ವಾ. ಈಗ ನಗುತ್ತಾಳೆ, ಅವತ್ತು ನಗಲಿಲ್ಲ. "ನಮ್ಮನೆ ಸೇಬು ಬಿದ್ದ ಜಾಗದಲ್ಲೇ ಬಿದ್ದಿರುತ್ತೆ. ಹಣ್ಣು ಓಡಿಹೋಗುತ್ತೆ ಅಂತ ನಂಗೇನು ಗೊತ್ತು?"

ಆರ್ಗಿರೋ ಕೂಗಾಡಲಿಲ್ಲ. "ನಾಳೆ ಏಳೂವರೆಗೆ ಬಸ್ಸಿದೆ," ಎಂದು ಮನೂಸೋಸನ ಕೈಲಿ ಹೇಳಿಸಿದಳು.

ಮರುದಿನ ಏಳೂವರೆಗೆ ಬಸ್ಸು ಬಂತು, ಹೋಯಿತು. ಇಲ್ವಾ ಕೊರಕಲಿನಲ್ಲಿದ್ದಳು. ಮುಳ್ಳುಪೊದೆ, ಕಲ್ಲುಸಂದಿಗಳ ನಡುವೆ ಮಂಡಿಯೂರಿ ಒಂದೊಂದೇ ಕಾಯಿ ಹೆಕ್ಕುತ್ತಿದ್ದಳು. ಆ ದಿನವೆಲ್ಲ ಹೆಕ್ಕಿದಳು, ಮಾರನೆಯ ದಿನವೂ ಹೆಕ್ಕಿದಳು. ಕಳೆದುಹೋದ ಏಳು ಚೀಲದಲ್ಲಿ ಐದನ್ನು ತುಂಬಿ, ಒಂದೊಂದನ್ನೂ ಅರ್ಧರ್ಧ ಮಾಡಿಕೊಂಡು ಬೆನ್ನ ಮೇಲೆ ಹೊತ್ತು ತಂದಳು. ಎರಡು ದಿನಕ್ಕೂ ಕೂಲಿ ಕೇಳಲಿಲ್ಲ.

"ಕೇಳೋಕೆ ಮುಖ ಎಲ್ಲಿತ್ತು? ಆದ್ರೆ ಹಂಗೇ ಹೋಗಿಬಿಟ್ಟಿದ್ರೆ, ತಪ್ಪು ಮಾಡಿ ಓಡಿಹೋದೋಳು ಅಂತ ಜೀವನಪೂರ್ತಿ ನಂಗೇ ಅನ್ನಿಸ್ತಿತ್ತು," ಎನ್ನುತ್ತಾಳೆ.

ಎರಡನೆಯ ಸಂಜೆ ಆರ್ಗಿರೋ ಕೊರಕಲಿನ ಅಂಚಿಗೆ ಬಂದು ನಿಂತಳು. ಕೈಯಲ್ಲಿ ಬಾರ್ಲಿ ರೊಟ್ಟಿಯ ಗಟ್ಟಿ ತುಂಡು, ಚೀಸ್, ಒಂದು ಸಣ್ಣ ಲೋಟದಲ್ಲಿ ರಾಕಿ ಎಂಬ ಇಲ್ಲಿನ ದ್ರಾಕ್ಷಿ ಸಾರಾಯಿ. "ಮೇಲೆ ಬಾರೇ, ಹಟಮಾರಿ," ಎಂದು ಜೊತೆಗೆ ಬಂದ ಮನೂಸೋಸನ ಬಾಯಲ್ಲಿ ಹೇಳಿಸಿದಳು. "ಉಳಿದಿದ್ದು ಹಕ್ಕಿಗಳಿಗಿರಲಿ. ನಾಳೆಯಿಂದ ಬಲೆ ಹಾಸೋ ಕೆಲಸ ನಿಂದೇ. ಈ ತಪ್ಪನ್ನ ನೀನಂತೂ ಇನ್ನೊಂದ್ಸಲ ಮಾಡಲ್ಲ."

ಅಂದಿನಿಂದ ಇಂದಿನವರೆಗೆ ಇಲ್ವಾ ತೋಟಕ್ಕೆ ಎಲ್ಲರಿಗಿಂತ ಮುಂಚೆ ಇಳಿಯುತ್ತಾಳೆ. ದಿನಕ್ಕೆ ನಲವತ್ತು ಮರ, ಹದಿನೆಂಟು ಬಲೆ. ಹಾಸಬೇಕು, ಕಾಯಿ ಉದುರಿದ ಮೇಲೆ ಅಂಚು ಹಿಡಿದೆತ್ತಿ ಕಾಯನ್ನು ಒಂದೆಡೆ ಸೇರಿಸಬೇಕು, ಎಲೆಕಡ್ಡಿ ಆರಿಸಿ ಐವತ್ತು ಕಿಲೋದ ಗೋಣಿಚೀಲ ತುಂಬಬೇಕು, ಬಲೆಯನ್ನು ಮುಂದಿನ ಸಾಲಿಗೆ ಎಳೆದೊಯ್ಯಬೇಕು. ಮೊದಲ ವಾರ ಕೈಬೆರಳು ಮಡಚಲಾಗದೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಈಗ ದಿನಗೂಲಿ ಐವತ್ತು ಯೂರೋ, ಮಲಗಲು ಆರ್ಗಿರೋ ಮನೆಯ ಹಿಂದಿನ ಕೋಣೆ, ಮಧ್ಯಾಹ್ನ ತೋಟದಲ್ಲೇ ಎಲ್ಲರ ಜೊತೆ ಊಟ. ಗ್ರೀಕ್ ಭಾಷೆಯೂ ಇಲ್ಲೇ ಬಂತು, ಬೈಗುಳ ಮೊದಲು, ನಮಸ್ಕಾರ ಆಮೇಲೆ.

ಸೂಪರ್ ಮಾರ್ಕೆಟ್ಟಿನ ಗಾಜಿನ ಬಾಟಲಿಯಲ್ಲಿ ಹೊಳೆಯುವ ಎಣ್ಣೆಯ ಹಿಂದೆ ಇಂಥ ತರಚಿದ ಮಂಡಿಗಳಿವೆ. ಚಳಿಗಾಲಕ್ಕೆ ಬಂದು, ಕೊಯ್ಲು ಮುಗಿಯುತ್ತಲೇ ಹೊರಟುಹೋಗುವ ಈ ಕೂಲಿಯವರ ಹೆಸರು ಯಾವ ಬಾಟಲಿಯ ಮೇಲೂ ಇರುವುದಿಲ್ಲ. ದೇಶ ಸುತ್ತುವ ಮಕ್ಕಳೆಂದರೆ ಮೋಜಿಗೆ ಬಂದವರು ಎಂದು ಮೂಗು ಮುರಿಯುವ ನಾವು ಒಂದು ದಿನ ಈ ಇಳಿಜಾರಿನಲ್ಲಿ ನಿಲ್ಲಬೇಕು.

ಇವತ್ತು ಈ ತೋಟದ ಕೊಯ್ಲಿನ ಕೊನೆಯ ದಿನ. ಕ್ರಿಸ್‌ಮಸ್‌ಗೆ ಐದು ದಿನ ಉಳಿದಿದೆ. ಜನವರಿಗೆ ಇಲ್ವಾ ಸ್ಪೇನಿಗೆ ಕಿತ್ತಳೆ ಕೊಯ್ಯಲು ಹೋಗುತ್ತಾಳೆ, ಟಿಕೆಟ್ ಆಗಲೇ ತೆಗೆದಾಗಿದೆ. ಹೋದ ವಾರ ಅಪ್ಪ ತಾನಾಗಿಯೇ ಫೋನ್ ಮಾಡಿದ್ದ. "ಹಬ್ಬಕ್ಕೆ ಬಂದ್ಬಿಡೇ, ಟಿಕೆಟ್ ನಾನು ಕಳಿಸ್ತೀನಿ. ಅದು ನೀನು ಕೇಳಿದ ಹಾಗಲ್ಲ," ಎಂದನಂತೆ. ದನಿ ಮೆತ್ತಗಿತ್ತು. ಆದರೂ ಬೇಡ ಎಂದಳು. ಫೋನಿಟ್ಟ ಮೇಲೆ ಆರ್ಗಿರೋ ಬಳಿ ಹೋಗಿ, ಕೊನೆಯ ದಿನದ ಕೂಲಿಯನ್ನು ಎಣ್ಣೆಯಾಗಿ ಕೊಡುವಿರಾ ಎಂದು ಕೇಳಿದಳು. ಇಲ್ಲಿ ಹಾಗೆ ಪಡೆಯುವುದು ಹಳೆಯ ರೂಢಿ.

ಸಂಜೆ ಗಾಣದ ಮನೆಯಲ್ಲಿ ಸಾಲಾಗಿ ಚೀಲಗಳು ನಿಂತಿವೆ. ಗಾಣದಲ್ಲಿ ಕೊರಕಲಿನ ಮೇಲಿನ ಆ ತೋಟದ ಕಾಯಿ ಅರೆದಂತೆಲ್ಲ ನಲ್ಲಿಯಿಂದ ಹಸಿರು ಎಣ್ಣೆ ದಾರವಾಗಿ ಇಳಿಯುತ್ತದೆ. ಗಾಣದವನು ಐದು ಲೀಟರಿನ ಡಬ್ಬ ತುಂಬಿ, ಮುಚ್ಚಳ ಬಿಗಿದು, ಕಪ್ಪು ಪೆನ್ನು ತೆಗೆಯುತ್ತಾನೆ. ಪ್ರತಿ ಡಬ್ಬದ ಮೇಲೂ ತೋಟದ ಒಡೆಯರ ಹೆಸರು ಬರೆಯುವುದು ಇಲ್ಲಿನ ಕ್ರಮ.

"ನಿನ್ನ ಹೆಸರೇ ತಾನೇ, ಆರ್ಗಿರೋ?"

"ನಂದ್ಯಾಕೆ? ಆ ಕೊರಕಲಲ್ಲಿ ಮಂಡಿ ತರಚಿಕೊಂಡಿದ್ದು ನಾನಾ?" ಆರ್ಗಿರೋ ಬೆರಳು ತೋರುತ್ತಾಳೆ. "ಅವಳ ಹೆಸರು ಬರಿ."

ಗಾಣದವನು ಕಾಗುಣಿತ ಕೇಳಿ ಕೇಳಿ ಬರೆಯುತ್ತಾನೆ. ಇಲ್ವಾ ಡಬ್ಬವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾಳೆ. ನಾಳೆ ಅಂಚೆಗೆ ಹಾಕಬೇಕು. ಅಂಚೆ ವೆಚ್ಚದಲ್ಲಿ ಇನ್ನೊಂದು ಡಬ್ಬ ಬರುತ್ತಿತ್ತು ಎಂದು ಮನೂಸೋಸ್ ರೇಗಿಸಿದರೆ ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

"ನಮ್ಮಪ್ಪ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಬಿಟ್ಟು ಬೇರೇನೂ ಹಚ್ಚಿದೋನಲ್ಲ," ಎನ್ನುತ್ತಾಳೆ. "ಇದನ್ನ ಒಂದ್ಸಲ ಹಚ್ಕೊಂಡು ತಿನ್ನಲಿ, ಅಷ್ಟೇ ನಂಗೆ ಆಸೆ. ಮನೆಯಿಂದ ನಾನು ಏನೂ ತರಿಸಲಿಲ್ಲ. ಮನೆಗೆ ಕಳಿಸ್ತಾ ಇದ್ದೀನಿ."